ಸ್ಕ್ರೂ ತಲೆಯ ಮೇಲಿನ ನೀಲಿ ಚುಕ್ಕೆ

ಟಾರ್ಚು ಮಂಗಳವಾರ ಬೆಳಗ್ಗೆ ಹನ್ನೊಂದೂಕಾಲಿಗೆ ತೀರಿಕೊಂಡ. ವಯಸ್ಸು ಅರವತ್ತೆರಡು. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಕ್ಯಾಮೆರಾ ರಿಪೇರಿ ಅವನ ಕಸುಬು. ಹೆಂಡತಿ ಇದ್ದಾಳೆ, ಮಕ್ಕಳಿಲ್ಲ. ಅಣ್ಣ ಹೋದ ಮೇಲೆ ಅಣ್ಣನ ಮಗಳನ್ನು ಸಾಕಿ ಓದಿಸಿದವನು ಅವನೇ.

ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವನು ಬೆರಳುದ್ದದ ಟಾರ್ಚು ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ, ಹಳೆಯ ಕ್ಯಾಮೆರಾ ಅಂಗಡಿಗಳಿದ್ದ ಆ ಬೀದಿಗೆಲ್ಲ ಅವನು ಟಾರ್ಚು. ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ ಅವನದು. ಕೆಳಗೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ ಮೇಲೆ ಅವನ ತಟ್ಟೆಯಲ್ಲಿದ್ದ ಸ್ಕ್ರೂಗಳು ಸಣ್ಣಗೆ ನಡುಗುತ್ತಿದ್ದವು. ಮಿಷನ್ನು ನಿಂತಾಗ ಮಾತ್ರ ಉಸಿರು ಬಿಗಿಹಿಡಿದು ಸ್ಕ್ರೂ ಕೂರಿಸುತ್ತಿದ್ದ.

ಹಳೆಯ ಕ್ಯಾಮೆರಾ ಕೊಳ್ಳುವವರು ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಮಾರುವವನ ಮುಖವನ್ನು ಅವನು ನೋಡುತ್ತಲೇ ಇರಲಿಲ್ಲ. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು, ಮುಂದಿನಿಂದ ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದ. ತೇವ ಕುಡಿದ ಲೆನ್ಸಿನ ಒಳಗೆ ಗಾಜಿನ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿರುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಅಡ್ಡ ಬೆಳಕಿಗೆ ಕಾಣುತ್ತದೆ. ಆಮೇಲೆ ಬಿಳಿ ಗೋಡೆಯದೊಂದು ಫೋಟೋ ತೆಗೆದು ಧೂಳಿನ ಕಪ್ಪು ಚುಕ್ಕೆಗಳನ್ನು ಹುಡುಕುತ್ತಿದ್ದ. ಒಮ್ಮೆ ಒಬ್ಬ, "ಹೊಸದೇ ಸರ್, ಫೋಟೋ ನಂಬರ್ ನೋಡಿ, ಬರೀ ನಾನೂರು ತೆಗೆದಿದ್ದೀನಿ" ಅಂದ. ಆ ಎಣಿಕೆ ಹತ್ತು ಸಾವಿರ ಮುಟ್ಟುವ ಮೊದಲು ತಿರುಗಿ ಒಂದರಿಂದ ಶುರುವಾಗುತ್ತದೆ. ಟಾರ್ಚು ಕ್ಯಾಮೆರಾ ವಾಪಸು ಕೊಟ್ಟು, "ನಾನೂರು ಸರಿ. ಎಷ್ಟನೇ ಸಲದ ನಾನೂರು?" ಎಂದು ಕೇಳಿದ.

ಈ ಅನುಮಾನ ಕಸುಬಿಗಷ್ಟೇ ಸೀಮಿತವಾಗಿದ್ದರೆ ಹೆಂಡತಿ ಸುಖವಾಗಿರುತ್ತಿದ್ದಳು. ಅವನು ಬಟ್ಟೆಯನ್ನು ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡುವವನು. ರಕ್ತದೊತ್ತಡ ಸರಿಯಾಗಿದೆ ಎಂದ ಡಾಕ್ಟರನ್ನು, "ಈ ಮಿಷನ್ ಕೊನೇ ಸಲ ಸರ್ವಿಸ್ ಆಗಿದ್ದು ಯಾವಾಗ?" ಎಂದು ಕೇಳಿದವನು.

ಗೆಳೆಯ ಎಂದು ಅವನಿಗಿದ್ದವನು ಒಬ್ಬನೇ, ಎದುರು ಸಾಲಿನ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದೇ ಇಬ್ಬರಿಗೂ ಹೊಟ್ಟೆಪಾಡು. ಮೂವತ್ತು ವರ್ಷ, ದಿನಾ ನಾಲ್ಕು ಗಂಟೆಗೆ, ಒಂದೇ ಫ್ಲಾಸ್ಕಿನ ಚಹಾ.

ನೀಲಿ ಚುಕ್ಕೆಯ ಕಥೆ ಹೀಗೆ. ಹತ್ತು ವರ್ಷದ ಹಿಂದೆ ಸ್ಟುಡಿಯೋದವನೊಬ್ಬ ಬೂಷ್ಟು ಹಿಡಿದ ಲೆನ್ಸು ತಂದು ಶುಚಿ ಮಾಡಿಸಿಕೊಂಡು ಹೋದ. ತಿಂಗಳಾದ ಮೇಲೆ ಅದೇ ಬಗೆಯ ಬೇರೊಂದು ಲೆನ್ಸು ತಂದು, "ನೀವು ತೆಗೆದ ಬೂಷ್ಟು ಮತ್ತೆ ಬಂದಿದೆ, ಪುಕ್ಕಟೆ ತೆಗೆದುಕೊಡಿ" ಅಂದ. ಅದು ಬೇರೆ ಲೆನ್ಸು ಎಂದು ಟಾರ್ಚಿಗೆ ಗೊತ್ತು, ತೋರಿಸಲು ಗುರುತಿಲ್ಲ. ಹಲ್ಲು ಕಚ್ಚಿಕೊಂಡು ಮಾಡಿಕೊಟ್ಟ. ಮನೆಗೆ ಬಂದವನೇ ಹೆಂಡತಿಯ ಕಪಾಟಿನಿಂದ ನೀಲಿ ಉಗುರುಬಣ್ಣದ ಸೀಸೆ ತೆಗೆದ.

"ರೀ, ಅದನ್ನ ಯಾರಿಗೆ ಹಚ್ತೀರಾ?"

"ಲೆನ್ಸಿಗೆ."

"ಲೆನ್ಸಿಗಾದ್ರೂ ಹಚ್ಚಿ. ನಾನು ಹಚ್ಕೊಂಡ ದಿನ ನೋಡಿದವರೆಲ್ಲ, ಬಾಗಿಲಿಗೆ ಬೆರಳು ಸಿಕ್ಕಿತ್ತಾ ಅಂತ ಕೇಳಿದ್ರು."

ಲೆನ್ಸಿನ ಹಿಂಬದಿಯಲ್ಲಿ, ಕ್ಯಾಮೆರಾಕ್ಕೆ ಕೂರುವ ಲೋಹದ ಬಳೆಗೆ ನಾಲ್ಕು ಸ್ಕ್ರೂಗಳಿರುತ್ತವೆ. ಅಂದಿನಿಂದ ಅವನು ಹೊಟ್ಟೆ ಬಿಚ್ಚಿ ಬೂಷ್ಟು ತೆಗೆದ ಪ್ರತಿ ಲೆನ್ಸಿನಲ್ಲೂ ಅವುಗಳಲ್ಲಿ ಒಂದರ ತಲೆಯ ಮೇಲೆ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆ ಇಟ್ಟ. ಲೆನ್ಸಿನ ಸಂಖ್ಯೆ, ತಂದವನ ಫೋನ್ ನಂಬರು ಒಂದು ಪುಸ್ತಕದಲ್ಲಿ. ಚುಕ್ಕೆಯ ಅರ್ಥ ಅವನ ಮಟ್ಟಿಗೆ ಒಂದೇ: ಇದು ಕಾಯಿಲೆ ಬಿದ್ದು ಎದ್ದ ಲೆನ್ಸು, ಬೂಷ್ಟು ಮತ್ತೆ ಬಂದರೂ ಬರಬಹುದು. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ, ಕರಡು ತಿದ್ದುವವನಿಗೆ. ಹಾಗೆಂದು ಟಾರ್ಚು ನಂಬಿದ್ದ. ಅವನು ನಂಬಿದ್ದ ಒಂದೇ ಒಂದು ಸಂಗತಿ ಅದಿರಬೇಕು.

ಅಣ್ಣನ ಮಗಳು ಸ್ಟುಡಿಯೋವೊಂದರಲ್ಲಿ ಸಂಬಳಕ್ಕೆ ಶಾಲಾ ಮಕ್ಕಳ ಫೋಟೋ ತೆಗೆಯುತ್ತಿದ್ದಳು. ಸ್ವಂತ ಕ್ಯಾಮೆರಾ ಕೊಂಡು ಬೇರೆಯಾಗಿ ನಿಲ್ಲಬೇಕೆಂದು ಎರಡು ವರ್ಷ ದುಡ್ಡು ಕೂಡಿಟ್ಟಿದ್ದಳು. ಕಳೆದ ತಿಂಗಳು ಒಂದು ಮಧ್ಯಾಹ್ನ ಕೋಣೆಗೆ ಬಂದು ಮೇಜಿನ ಮೇಲೆ ಚೀಲ ಇಟ್ಟಳು.

"ಚಿಕ್ಕಪ್ಪ, ಬೈಬೇಡಿ. ತಗೊಂಡುಬಿಟ್ಟೆ."

"ನನ್ನ ಕರೀಲಿಲ್ಲ."

"ಆರು ಸಲ ಕರೆದೆ. ಆರಕ್ಕೂ ಬೇಡ ಅಂದ್ರಿ. ಒಂದಕ್ಕೆ ಧೂಳು, ಒಂದಕ್ಕೆ ಗೀಚು, ಇನ್ನೊಂದಕ್ಕೆ ಮಾರೋನು ಜಾಸ್ತಿ ನಗ್ತಾನೆ ಅಂದ್ರಿ. ಇದರ ಲೆನ್ಸಿನ ಮೇಲೆ ನಿಮ್ಮ ಚುಕ್ಕೆನೇ ಇತ್ತು. ನೀವೇ ಒಪ್ಪಿದ್ದನ್ನ ನೀವೇ ಬೇಡ ಅನ್ನೋಕಾಗಲ್ಲ ಅಂತ ತಗೊಂಡೆ."

"ಯಾವ ಚುಕ್ಕೆ?"

"ನೀಲಿ ಚುಕ್ಕೆ, ಚಿಕ್ಕಪ್ಪ. ಬೀದೀಲಿ ಎಲ್ಲರೂ ಅದನ್ನೇ ಕೇಳೋದು. ಟಾರ್ಚು ನೋಡಿ ಸೈ ಅಂದಿರೋ ಮಾಲು, ಕಣ್ಮುಚ್ಚಿ ತಗೋ ಅಂತಾರೆ."

ಟಾರ್ಚು ಲೆನ್ಸು ತಿರುಗಿಸಿ ನೋಡಿದ. ಸ್ಕ್ರೂ ಅದೇ, ಬಣ್ಣವೂ ಹೆಚ್ಚುಕಡಿಮೆ ಅದೇ. ಪುಸ್ತಕ ತೆಗೆದು ಮೊದಲ ಪುಟದಿಂದ ಕೊನೆಯವರೆಗೆ ಬೆರಳಾಡಿಸಿದ. ಆ ಸಂಖ್ಯೆ ಎಲ್ಲೂ ಇರಲಿಲ್ಲ. ಟಾರ್ಚು ಬಿಟ್ಟು ಇಣುಕಿದ. ಒಳಗೆ ಗಾಜು ತೊಳೆದಿಟ್ಟಂತಿತ್ತು. ಅದರಿಂದ ಅವನ ಅನುಮಾನ ಇಮ್ಮಡಿಯಾಯಿತು. ಏನೂ ಕಾಣದಿದ್ದರೆ ಏನೋ ಬಚ್ಚಿಟ್ಟಿದ್ದಾರೆ ಎಂದು ಅವನ ಲೆಕ್ಕ.

"ಇದನ್ನ ಮುಟ್ಟಬೇಡ. ನಾನು ಹೇಳೋವರೆಗೂ ಒಂದು ಫೋಟೋನೂ ತೆಗೀಬೇಡ."

"ಮುಂದಿನ ತಿಂಗಳು ಮೊದಲನೇ ಕೆಲಸ ಒಪ್ಕೊಂಡಿದ್ದೀನಿ."

"ಅಷ್ಟರೊಳಗೆ ಹೇಳ್ತೀನಿ."

ಅವಳು ಮೆಟ್ಟಿಲಿಳಿದು ಹೋದ ಮೇಲೂ ಅವನು ಅಲ್ಲೇ ಕುಳಿತಿದ್ದ. ಅವನು ಸಂಪಾದಿಸಿದ್ದು ಮನೆಯಲ್ಲ, ಜಮೀನಲ್ಲ. ಟಾರ್ಚು ಹೇಳಿದ ಮೇಲೆ ಮುಗೀತು ಎನ್ನುವ ಒಂದು ಮಾತು, ಅಷ್ಟೇ. ಈಗ ಆ ಮಾತನ್ನು ಯಾರೋ ಸೀಸೆಯಲ್ಲಿ ತುಂಬಿಕೊಂಡು ಸಿಕ್ಕಸಿಕ್ಕದ್ದಕ್ಕೆಲ್ಲ ಹಚ್ಚುತ್ತಿದ್ದಾರೆ. ಯಾವ ಸ್ಕ್ರೂ, ಯಾವ ಬಣ್ಣ ಎಂದು ಗೊತ್ತಿರುವವರು ಇಬ್ಬರು. ಹೆಂಡತಿ ಬೀದಿಯ ಕಡೆ ಸುಳಿಯುವವಳಲ್ಲ. ಉಳಿದವನು ಒಬ್ಬ.

ಹದಿನೆಂಟು ದಿನ ಅವನು ಗೆಳೆಯನನ್ನು ಅನುಮಾನಿಸಿದ. ಎಂದಿನಂತೆ ನಾಲ್ಕಕ್ಕೆ ಫ್ಲಾಸ್ಕು ಬಂತು. ಟಾರ್ಚು ಪುಸ್ತಕದ ಮೇಲೆ ಕರವಸ್ತ್ರ ಮುಚ್ಚಿ, ಅವನು ಮೊದಲು ಗುಟುಕರಿಸಲಿ ಎಂದು ಕಾಯ್ದ.

"ಈಗೀಗ ಉಗುರುಬಣ್ಣದ ವ್ಯಾಪಾರ ಜೋರಂತೆ," ಅಂದ.

"ಯಾರದ್ದು?"

"ಗೊತ್ತಿದ್ದೋರದ್ದು."

"ನಿನ್ನ ಹೆಂಡತಿ ಅಂಗಡಿ ಹಾಕಿದ್ದಾಳಾ? ಹೇಳಲೇ ಇಲ್ಲವಲ್ಲೋ."

ಎಷ್ಟು ಸಲೀಸಾಗಿ ಮಾತು ತೇಲಿಸುತ್ತಾನೆ ನೋಡು, ಎಂದುಕೊಂಡ ಟಾರ್ಚು. ಒಂದು ಸಂಜೆ ಔಷಧಿ ಅಂಗಡಿಯ ಕಂಬದ ಮರೆಯಲ್ಲಿ ನಿಂತು ಗೆಳೆಯನ ಮೇಲೆ ಕಣ್ಣಿಟ್ಟ. ಕರಡು ತಿದ್ದುವವನು ಬಳೆ, ರಿಬ್ಬನ್ನು, ಉಗುರುಬಣ್ಣ ಮಾರುವ ಫ್ಯಾನ್ಸಿ ಸ್ಟೋರಿಗೆ ಹೋಗಿ ಒಂದು ಬಾಚಣಿಗೆ ಕೊಂಡ. ತಲೆಯಲ್ಲಿ ಒಂದು ಕೂದಲಿಲ್ಲದವನಿಗೆ ಬಾಚಣಿಗೆ ಯಾಕೆ? ಅವನಿಗೆ ನಾಲ್ಕು ವರ್ಷದ ಮೊಮ್ಮಗಳಿರುವುದು ಟಾರ್ಚಿಗೆ ಗೊತ್ತಿತ್ತು. ಆ ಮಗುವನ್ನು ಎತ್ತಿ ಆಡಿಸಿದವನು. ಆದರೂ ಅದು ನೆನಪಿಗೆ ಬರಲಿಲ್ಲ, ಅಥವಾ ಬರಗೊಡಲಿಲ್ಲ. ಮರುದಿನದಿಂದ ನಾಲ್ಕು ಗಂಟೆಗೆ ಕೋಣೆಗೆ ಬೀಗ ಬಿತ್ತು.

ಹತ್ತೊಂಬತ್ತನೇ ದಿನ, ಸೋಮವಾರ, ಲೆನ್ಸು ಮಾರಿದ ಅಂಗಡಿಗೇ ಹೋದ. ಅಲ್ಲಿಯ ಮಾಲೀಕನನ್ನು ಎಲ್ಲರೂ ಗ್ಯಾರಂಟಿ ಎನ್ನುತ್ತಿದ್ದರು, ಯಾವುದಕ್ಕೂ ಗ್ಯಾರಂಟಿ ಕೊಡುತ್ತಿರಲಿಲ್ಲವಾದ್ದರಿಂದ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ನಿಮ್ಮ ಹೆಸರಲ್ಲೇ ಅನ್ನ ತಿಂತಿದ್ದೀವಿ."

"ಅದನ್ನೇ ಕೇಳೋಕೆ ಬಂದೆ. ಈ ಚುಕ್ಕೆ ನಿಮಗೆ ಹೇಳಿಕೊಟ್ಟೋರು ಯಾರು?"

"ಹೇಳಿಕೊಡೋದೇನಿದೆ? ಲೆನ್ಸಿನ ಹಿಂದಿನ ಮುಚ್ಚಳ ತೆಗೆದ್ರೆ ಮೂಗಿನ ನೇರಕ್ಕೆ ಕಾಣುತ್ತೆ. ಇಡೀ ಬೀದಿಗೆ ಗೊತ್ತು. ನಿಮಗೊಬ್ಬರಿಗೇ ಗುಟ್ಟು ಅದು."

ಟಾರ್ಚು ಕುರ್ಚಿಯ ತುದಿಗೆ ಕೂತ.

"ಮತ್ತೆ ನೀವೇ ಹಚ್ತೀರಾ?"

ಗ್ಯಾರಂಟಿ ನಾಚಿಕೆಯಿಲ್ಲದೆ ಗಲ್ಲಾದ ಕೆಳಗಿನಿಂದ ಸೀಸೆ ತೆಗೆದು ಇಟ್ಟ. "ನಿಮ್ಮ ಬಣ್ಣ ಸಿಗಲಿಲ್ಲ, ಇದು ಒಂಚೂರು ಗಾಢ. ಆದ್ರೆ ಒಂದ್ಮಾತು. ಕಂಡಕಂಡದ್ದಕ್ಕೆ ಹಚ್ಚಲ್ಲ. ಒಮ್ಮೆನೂ ಬಿಚ್ಚದಿರೋ, ಶುದ್ಧ ಮಾಲಿಗೆ ಮಾತ್ರ. ಕೆಟ್ಟದಕ್ಕೆ ಹಚ್ಚಿ ನಿಮ್ಮ ಹೆಸರು ಕೆಡಿಸಿದ್ರೆ ನಮ್ಮ ವ್ಯಾಪಾರನೇ ಹೋಗುತ್ತಲ್ಲ?"

"ನನ್ನ ಚುಕ್ಕೆ ಇರೋದು ಬಂದ್ರೆ?"

"ಅದನ್ನ ನೋಡೋದೇ ಇಲ್ಲ. ನೀವು ಸೈ ಅಂದ ಮೇಲೆ ನಾವ್ಯಾರು? ಹಾಗೇ ಮಾರ್ತೀವಿ."

ಟಾರ್ಚು ಬೀದಿಗೆ ಬಂದು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತ. ಹತ್ತು ವರ್ಷ ಅವನು ಇಟ್ಟ ಚುಕ್ಕೆ ಕಾಯಿಲೆಯ ಗುರುತು. ಬೀದಿ ಅದನ್ನು ಆರೋಗ್ಯದ ಗುರುತು ಎಂದು ಓದಿತ್ತು. ಸುಳ್ಳು ಚುಕ್ಕೆ ಇದ್ದ ಲೆನ್ಸುಗಳೆಲ್ಲ ಒಳ್ಳೆಯವು. ಅವನ ಕೈಯಿಂದ ಬಿದ್ದ ನಿಜವಾದ ಚುಕ್ಕೆ ನಂಬಿ ಕೊಂಡವರು ಕಾಯಿಲೆಯನ್ನು ಕೊಂಡಿದ್ದರು. ಮೋಸ ಮಾಡಿದವನನ್ನು ಹುಡುಕುತ್ತ ಹೋಗಿ ತನ್ನದೇ ಮನೆಯ ಕದ ತಟ್ಟಿದಂತಾಗಿತ್ತು.

ಸಂಜೆ ಅಣ್ಣನ ಮಗಳಿಗೆ ಲೆನ್ಸು ಬಳಸು ಎಂದ.

"ಚೆನ್ನಾಗಿದೆ ಅಂತ ಹೇಗೆ ಗೊತ್ತಾಯ್ತು, ಚಿಕ್ಕಪ್ಪ?"

"ಅದರ ಮೇಲಿರೋ ಚುಕ್ಕೆ ಸುಳ್ಳು. ಅದಕ್ಕೇ ಚೆನ್ನಾಗಿದೆ."

ಅವಳು ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮ, ಇವರು ಹೀಗೇ ಎಂಬಂತೆ ತಲೆಯಾಡಿಸಿ ಒಳಗೆ ಹೋದಳು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಟಾರ್ಚು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮುದ್ರಣಾಲಯದ ಹಿಂದಿನ ಕೋಣೆಗೆ ಬಂದ. ಕರಡು ತಿದ್ದುವವನು ತಲೆ ಎತ್ತಲಿಲ್ಲ.

"ನಿನ್ನ ಮೇಲೆ ಅನುಮಾನಪಟ್ಟೆ ಕಣೋ," ಅಂದ ಟಾರ್ಚು.

"ಗೊತ್ತು. ಬಾಚಣಿಗೆ ಕೊಳ್ಳೋವಾಗ ಅಂಗಡಿ ಕನ್ನಡಿಯಲ್ಲಿ ಕಂಡೆ. ಕಂಬಕ್ಕಿಂತ ನೀನೇ ದಪ್ಪ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿ, ನಾನಲ್ಲ ಅಂದಿದ್ರೆ ನಂಬ್ತಿದ್ಯಾ?"

ಟಾರ್ಚು ಯೋಚಿಸಿದ. "ಇಲ್ಲ."

ಟಾರ್ಚು ಸ್ಟೂಲು ಎಳೆದುಕೊಂಡು ಎಲ್ಲ ವಿಷಯ ಹೇಳಿದ. ಪುಸ್ತಕದಲ್ಲಿ ಅರವತ್ತಮೂರು ಲೆನ್ಸುಗಳು. ತಂದವರಿಗೆಲ್ಲ ಫೋನ್ ಮಾಡಬೇಕು, ಮಾರಿದ್ದರೆ ಯಾರಿಗೆ ಎಂದು ಕೇಳಬೇಕು, ಕೊಂಡವರಿಂದ ಲೆನ್ಸು ತರಿಸಿ ಮತ್ತೆ ನೋಡಬೇಕು, ಬೂಷ್ಟು ಬಂದಿದ್ದರೆ ತೆಗೆಯಬೇಕು. "ನನ್ನ ಅಕ್ಷರನ ನಾನೇ ನಂಬಲ್ಲ. ನೀನು ನಂಬರ್ ಓದು, ನಾನು ಒತ್ತುತ್ತೀನಿ."

ಕರಡು ತಿದ್ದುವವನು ಕೆಂಪು ಪೆನ್ನು ಕೆಳಗಿಟ್ಟ. ಅಭ್ಯಾಸದಂತೆ ಪ್ರತಿ ನಂಬರನ್ನೂ ಎರಡೆರಡು ಸಲ ಓದಿದ. ಆದರೂ ಟಾರ್ಚು, "ಅದು ಒಂದೋ ಏಳೋ, ಸರಿಯಾಗಿ ನೋಡು" ಎನ್ನುತ್ತಿದ್ದ. ಮೊದಲ ಮೂರು ನಂಬರು ಚಾಲ್ತಿಯಲ್ಲಿರಲಿಲ್ಲ. ನಾಲ್ಕನೆಯ ನಂಬರಿನ ಹೆಂಗಸು ಲೆನ್ಸು ತನ್ನಲ್ಲೇ ಇದೆ, ನಾಳೆ ತರುತ್ತೇನೆ ಎಂದಳು. ಐದನೆಯವನು ಹೋದ ವರ್ಷ ಮಾರಿದೆ ಎಂದು ಕೊಂಡವನ ನಂಬರು ಕೊಟ್ಟ. ಆ ನಂಬರಿಗೆ ಟಾರ್ಚು ಫೋನ್ ಹಚ್ಚಿದ.

"ನೀವು ಕೊಂಡ ಹಳೇ ಲೆನ್ಸಿನ ವಿಷಯ. ನೀಲಿ ಚುಕ್ಕೆ ಇದೆಯಲ್ಲ ಅದರ ಹಿಂದೆ, ಅದನ್ನ ಇಟ್ಟೋನು ನಾನು."

"ಹೌದಾ. ಈಗ ಏನಾಗಬೇಕು?"

"ಒಂದ್ಸಲ ತಂದುಕೊಡಿ. ಬಿಚ್ಚಿ ನೋಡಿ, ಬೂಷ್ಟು ಇದ್ರೆ ತೆಗೆದುಕೊಡ್ತೀನಿ. ದುಡ್ಡು ಬೇಡ."

"ದುಡ್ಡು ಬೇಡ್ವಾ?"

"ಬೇಡ."

"ಅಲ್ಲೇ ಇರೋದು ನೋಡಿ ವಿಷಯ. ಚೆನ್ನಾಗಿರೋ ಲೆನ್ಸನ್ನ ತಗೊಂಡು ಬಾ ಅಂತೀರಿ, ಬಿಚ್ತೀನಿ ಅಂತೀರಿ, ದುಡ್ಡೂ ಬೇಡ ಅಂತೀರಿ. ನನ್ನ ನಂಬರ್ ಎಲ್ಲಿಂದ ಸಿಕ್ತು? ಟಾರ್ಚು ಅಂತ ಅದ್ಯಾರೋ ಒಬ್ಬರು ಪಕ್ಕಾ ನೋಡಿ ಒಪ್ಪಿರೋ ಮಾಲು ಅದು. ನಿಮ್ಮಂಥೋರನ್ನ ಬಹಳ ನೋಡಿದ್ದೀನಿ."

"ಆ ಟಾರ್ಚು ನಾನೇ."

"ನಾನೂ ಟಾರ್ಚೇ, ಇಡಿ ಫೋನು."

ಫೋನ್ ಕಟ್ಟಾಯಿತು, ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದೂ ಹತ್ತು. ಕರಡು ತಿದ್ದುವವನಿಗೆ ನಗು ತಡೆಯಲಾಗಲಿಲ್ಲ. ಟಾರ್ಚು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಸರಿಯಾಗೇ ಕೇಳ್ದ," ಎಂದ. ಬೆವರಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ನಂಬರನ್ನು ಇನ್ನೊಮ್ಮೆ ಓದಿಸಿಕೊಂಡು, ಅದೇ ಮನುಷ್ಯನಿಗೆ ಮತ್ತೆ ಫೋನ್ ಹಚ್ಚಿದ.