ಚಿಟಿಕೆ ಮಾವ ಹಿಡಿದ ಕಳ್ಳ

ಆ ಹಾಸ್ಟೆಲಿನ ನಲ್ಲಿ ರಿಪೇರಿಯವನಿಗೆ ಚಿಟಿಕೆ ಮಾವ ಎಂಬ ಹೆಸರು ಬಿದ್ದದ್ದು ಅವನ ಕೈಚಳಕಕ್ಕೆ. ಚಿಟಿಕೆ ಹೊಡೆಯುವುದರೊಳಗೆ ನಲ್ಲಿಯ ತಲೆ ಬಿಚ್ಚಿ, ಹನಿ ತಡೆಯುವ ಹಳೆ ರಬ್ಬರ್ ವಾಷರ್ ಎಸೆದು, ಹೊಸದು ಕೂರಿಸಿ, ಸ್ಪ್ಯಾನರ್ ಹೆಗಲಿಗೇರಿಸಿ ಮುಂದಿನದಕ್ಕೆ ಹೊರಟುಬಿಡುತ್ತಿದ್ದ. ಮಧ್ಯಾಹ್ನದೊಳಗೆ ಒಂದಿಡೀ ಮಹಡಿ ಮುಗಿಸುವ ಗಂಡು ತಾನು ಎಂದು ಹೆಂಡತಿಯ ಮುಂದೆ ಮೀಸೆ ತಿರುವುತ್ತಿದ್ದ. ಮುಗಿಸಿದ ಮಹಡಿಯನ್ನು ತಿರುಗಿ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ.

ಒಂದು ಬೆಳಗ್ಗೆ ವಾರ್ಡನ್ ಮೇಡಂ ಕರೆಸಿದರು. "ಟ್ಯಾಂಕು ಮತ್ತೆ ಬರಿದು. ಮೊನ್ನೆ ಮಾಡಿದ ನಲ್ಲಿ ಇವತ್ತು ಮತ್ತೆ ಅಳ್ತಾ ಇದೆ. ಏನಪ್ಪಾ, ಮಗೂನೂ ಚಿವುಟಿ ತೊಟ್ಟಿಲೂ ತೂಗ್ತಾ ಇದ್ದೀಯಾ?"

ಮಾವನ ಕಿವಿ ಕೆಂಪಾಯಿತು. "ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೋತೀನಾ ಮೇಡಂ? ಇದು ಯಾರದೋ ಕೈವಾಡ."

"ಹಾಗಾದ್ರೆ ಹಿಡಿದು ತೋರಿಸು. ಇಲ್ಲಾಂದ್ರೆ ತಿಂಗಳ ಕೊನೆಗೆ ಬೇರೆಯವರನ್ನ ನೋಡ್ಕೋತೀನಿ."

ಅವನ ಗುಮಾನಿ ನೇರ ಅಡುಗೆಯಕ್ಕನ ಮೇಲೆ ಹೋಯಿತು. ಅವಳ ಅನ್ನದಲ್ಲಿ ಗೋಡೆ ಕಟ್ಟಬಹುದು ಎಂದು ಹಿಂದೊಮ್ಮೆ ಹತ್ತು ಜನರ ಮುಂದೆ ಆಡಿಕೊಂಡಿದ್ದ. ಅಂದಿನಿಂದ ಅವನ ತಟ್ಟೆಗೆ ಬೀಳುತ್ತಿದ್ದದ್ದು ತಳ ಹಿಡಿದದ್ದೇ. ಹಗೆ ಸಾಧಿಸಲು ಇನ್ನೇನು ಬೇಕು?

ಪಾತ್ರೆ ತೊಳೆಯುವ ಕೋಣೆಯ ನಲ್ಲಿಗೆ ಹೊಸ ವಾಷರ್ ಹಾಕಿ, ಮೂಲೆಯ ಮೂಟೆಗಳ ಹಿಂದೆ ಉಸಿರು ಬಿಗಿಹಿಡಿದು ಕೂತ. ಅಕ್ಕ ಬಂದಳು, ಪಾತ್ರೆ ತೊಳೆದಳು, ನಲ್ಲಿ ನಿಲ್ಲಿಸಿದಳು. ಹನಿ ನಿಲ್ಲಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು, ಕೋಳಿಯ ಕತ್ತು ತಿರುವಿದಂತೆ ತಿರುವಿದಳು.

"ಸಿಕ್ಕಿಬಿದ್ದೆ!" ಎಂದು ಮಾವ ಎದ್ದು ನಿಂತ.

ಅವಳು ಬೆಚ್ಚಿ ಸೌಟು ಎತ್ತಿದಳು. "ಥೂ ನಿನ್ನ! ಹೆಗ್ಗಣ ಅಂದ್ಕೊಂಡೆ. ಏನು ಸಿಕ್ಕಿಬಿದ್ದಿದ್ದು?"

"ನನ್ನ ವಾಷರ್ ಹಾಳು ಮಾಡೋಳು ನೀನೇ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಬಿಗಿಯಾಗಿ ತಿರುವದಿದ್ರೆ ನಿಲ್ಲುತ್ತಾ ಅದು? ಎಲ್ಲಿ, ನೀನೇ ನಿಲ್ಲಿಸು ನೋಡೋಣ."

ಮಾವ ಹಗುರವಾಗಿ ತಿರುಗಿಸಿದ. ಹನಿ ಬಿತ್ತು. ಇನ್ನಷ್ಟು ಒತ್ತಿದ. ಅವಳಷ್ಟೇ ಬಲ ಹಾಕಿದ ಮೇಲೆ ನಿಂತಿತು. ಬಿಚ್ಚಿ ನೋಡಿದರೆ ಹೊಸ ವಾಷರಿನ ಒಂದು ಕಡೆ ಚಾಕು ಎಳೆದಂಥ ಗೀರು. ಚಾಕು ಅವಳ ಕೈಯಲ್ಲಿರಲಿಲ್ಲ. ಇನ್ನೊಂದು ಹಾಕಿ, ತಾನೇ ಬಿಗಿದು, ತಾನೇ ಬಿಚ್ಚಿದ. ಅದೇ ಜಾಗದಲ್ಲಿ ಅದೇ ಗೀರು.

ಮೆಲ್ಲಗೆ ಬೆರಳನ್ನು ನಲ್ಲಿಯೊಳಗೆ ಇಳಿಸಿದ. ವಾಷರ್ ಕೂರುವ ಹಿತ್ತಾಳೆಯ ಬಾಯಿ ಸವೆದು, ಒಂದು ಕಡೆ ಗರಗಸದ ಹಲ್ಲಿನಂತೆ ಎದ್ದಿತ್ತು. ಇಷ್ಟು ವರ್ಷದಲ್ಲಿ ಅಲ್ಲಿಗೆ ಅವನ ಬೆರಳು ಹೋಗಿರಲಿಲ್ಲ. ಪ್ರತಿ ಸಲವೂ ಕೆಲಸ ಚಿಟಿಕೆ ಹೊಡೆಯುವುದರೊಳಗೆ ತೀರಿಹೋಗಿತ್ತು. ದಿನವೂ ಹುತ್ತ ಬಡಿದು ಬರುತ್ತಿದ್ದ, ಹಾವು ಒಳಗೆ ತಣ್ಣಗೆ ಮಲಗಿತ್ತು.

ಆ ಬಾಯಿಯನ್ನು ಉಜ್ಜಿ ಉಜ್ಜಿ ನುಣುಪು ಮಾಡುವಷ್ಟರಲ್ಲಿ ಸಂಜೆಯಾಯಿತು.

"ದಿನಕ್ಕೆ ಒಂದೇ ನಲ್ಲಿನಾ?" ನೋಡಲು ಬಂದ ವಾರ್ಡನ್ ಮೇಡಂ ಹುಬ್ಬು ಗಂಟಿಕ್ಕಿದರು. "ಕಳ್ಳ ಸಿಕ್ಕಿದನಾ?"

"ಸಿಕ್ಕಿದ ಮೇಡಂ. ನಿಮ್ಮ ಮುಂದೇನೇ ನಿಂತಿದ್ದಾನೆ."

"ಮೈಗಳ್ಳತನಕ್ಕೆ ಕಥೆ ಬೇರೆ!"

ಅಡುಗೆಯಕ್ಕ ಮುಂದೆ ಬಂದು ಎರಡೇ ಬೆರಳಲ್ಲಿ ನಲ್ಲಿ ನಿಲ್ಲಿಸಿದಳು. ಹನಿಯಿಲ್ಲ. ಮೇಡಂ ನಂಬಲಿಲ್ಲ. ಒಣಗಿದ ಚೊಂಬೊಂದನ್ನು ನಲ್ಲಿಯ ಕೆಳಗಿಟ್ಟು, ಬಾಗಿಲಿಗೆ ಬೀಗ ಜಡಿದು, ಕೀಲಿಕೈ ಜೊತೆಯಲ್ಲೇ ಒಯ್ದರು.

ಬೆಳಗ್ಗೆ ಬೀಗ ತೆಗೆದಾಗ ಚೊಂಬು ಒಣಗಿಯೇ ಇತ್ತು. ಹನಿ ಚೊಂಬಿನ ಹೊರಗೆ ಬಿದ್ದಿರಬಹುದೇ ಎಂದು ಮೇಡಂ ನೆಲ ನೋಡಿದರು, ಚೊಂಬಿನೊಳಗೆ ಬೆರಳಾಡಿಸಿದರು, ಕೊನೆಗೆ ಅವನನ್ನು ನೋಡಿದರು.

"ಹೂಂ. ಉಳಿದವನ್ನೂ ಹೀಗೇ ಮಾಡು. ದಿನಕ್ಕೊಂದೇ ಆದರೂ ಸರಿ. ಆದ್ರೆ ನನ್ನ ಕಣ್ಣು ನಿನ್ನ ಮೇಲಿರುತ್ತೆ."

"ಇರಲಿ ಮೇಡಂ," ಎಂದ ಮಾವ.

ಮೆಟ್ಟಿಲವರೆಗೆ ಹೋದವನು ಮತ್ತೆ ಹಿಂದಿರುಗಿ ಬಂದು, ಪಾತ್ರೆ ಕೋಣೆಯ ಬಾಗಿಲ ಸಂದಿಗೆ ಕಿವಿಯಿಟ್ಟು, ಹನಿಯ ಸದ್ದು ಬರುತ್ತದೋ ಎಂದು ಕೇಳುತ್ತಾ ನಿಂತ.

ಒಳಗೆ ಪಾತ್ರೆ ಜೋಡಿಸುತ್ತಿದ್ದ ಅಡುಗೆಯಕ್ಕ ಅವನನ್ನು ಕಂಡು ಕೂಗಿದಳು: "ಇನ್ನೂ ಯಾರ ಮೇಲಪ್ಪಾ ಅನುಮಾನ?"

"ನನ್ನ ಈ ಕೈ ಮೇಲೆ," ಎಂದು ಮಾವ ಕಿವಿ ತೆಗೆಯದೆ ಹೇಳಿದ.