ಹೊತ್ತು ಮುಳುಗುವ ಮುನ್ನ

ಜಮಖಂಡಿಯಲ್ಲಿ ನಮ್ಮ ಪತ್ರಿಕಾ ಕಚೇರಿಯ ಕೆಳಗೆ ಸಾವಕಾರರೊಬ್ಬರ ಬಟ್ಟೆ ಅಂಗಡಿ ಇತ್ತು. ತೇರದಾಳ ಕಡೆಯ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಮಳೆಗಾಲ ಮುಗಿದೊಡನೆ ನಮ್ಮ ಎರಡು ದಿನದ ಪನ್ಹಾಳ ಗುಡ್ಡದ ಪ್ರವಾಸವನ್ನು ಅವರೇ ಗೊತ್ತುಮಾಡುತ್ತಿದ್ದರು. ಬಟ್ಟೆ ಅಳೆಯುವ ಪಟ್ಟಿಯಿಂದ ಮೇಜಿನ ಮೇಲೆ ದಾರಿ ಎಳೆದು ತೋರಿಸುವರು. ಅದರಲ್ಲಿ ಊಟದ ಜಾಗಗಳೇ ಹೆಚ್ಚು. ಗುಡ್ಡ ಹತ್ತುವ ಮಾತು ಬಂದರೆ ಮೊಣಕಾಲು ಒತ್ತಿಕೊಂಡು, "ಗುಡ್ಡ ಎಲ್ಲಿ ಓಡಿ ಹೋಗತೈತ್ರೀ? ಮೊದಲ ಊಟ" ಎನ್ನುವರು.

ಒಂದು ವರ್ಷ ಗುಡ್ಡದ ಬುಡದ ಖಾನಾವಳಿಯಲ್ಲಿ ಅವರಿಗೆಂದು ಉಳ್ಳಾಗಡ್ಡಿ ಹಾಕದ ಕಡಲೆಹಿಟ್ಟಿನ ಝುಣಕ ಬೇರೆ ಮಾಡಬೇಕಾಗಿ ತಡವಾಯಿತು. ತಾಟುಗಳು ಬರುವಷ್ಟರಲ್ಲಿ ಸೂರ್ಯ ಗುಡ್ಡದ ಹಿಂದೆ ಸರಿದಿದ್ದ. ಆ ಝುಣಕಕ್ಕೆಂದೇ ಅವರು ಮಧ್ಯಾಹ್ನದ ಊಟ ಬಿಟ್ಟಿದ್ದರು. ಈಗ ರಾತ್ರಿಯಿಡೀ ಉಪವಾಸ.

"ಹೊತ್ತ ಮುಣಗಿತ್ರೀ ಸಾವಕಾರ್ರ. ಇನ್ನ ನಾಳೆ ಮುಂಜಾನಿಗೇ," ಎಂದು ನಮ್ಮ ಛಾಯಾಗ್ರಾಹಕ ಕಿಚಾಯಿಸಿದ.

ಅವರು ತಲೆ ಎತ್ತಿ ನೋಡಿದರು. "ಇಲ್ಲಿ ಮುಣಗೇತಿ. ಮ್ಯಾಲ ನೋಡ್ರಿ, ಇನ್ನೂ ಬಿಸಲ ಐತಿ."

ರೊಟ್ಟಿಯಲ್ಲಿ ಝುಣಕ ಸುತ್ತಿಕೊಂಡು, ಧೋತರ ಎತ್ತಿ ಕಟ್ಟಿ ಹೊರಟೇಬಿಟ್ಟರು. ಎಲ್ಲಿ ಬೀಳುತ್ತಾರೋ ಎಂದು ನಾವೂ ತಾಟು ಬಿಟ್ಟು ಬೆನ್ನುಹತ್ತಿದೆವು, ಹಿಡಿಯಲಾಗಲಿಲ್ಲ. ಏದುಸಿರು ಬಿಡುತ್ತ ನೆತ್ತಿ ತಲುಪಿದಾಗ ಸೂರ್ಯ ಇನ್ನೂ ಗೇಣುದ್ದ ಮೇಲಿದ್ದ. ಅವರು ಬಂಡೆಯ ಮೇಲೆ ಕುಳಿತು ನಿಧಾನವಾಗಿ ಅಗಿಯುತ್ತಿದ್ದರು.

"ನಮಗೂ ಒಂದ್ ತುತ್ತ ಕೊಡ್ರಿ," ಎಂದ ಛಾಯಾಗ್ರಾಹಕ.

ಅವರು ರೊಟ್ಟಿಯನ್ನು ಆಚೆ ಸರಿಸಿಕೊಂಡರು. "ನಿಮಗೇನ ಅವಸರರೀ? ಕತ್ತಲಾದ ಮ್ಯಾಲೂ ಉಣ್ಣಾವ್ರು ನೀವು."