ಮಗನ ಕೋಟು ಕೊಟ್ಟ ಸಫ್ತಕ್ಕ

ನಮ್ಮ ಮರಮುರೇಶ್ ಬೆಟ್ಟದ ಕಣಿವೆಯ ಶುಶ್ರೂಷಕಿಯರ ಸಾಲಿನಲ್ಲಿ ಶ್ರೀಮತಿ ಸಫ್ತಾ ಬುಝೋರ್ ಅವರ ಹೆಸರು ಹೇಳಿದ ಮೇಲೆ ಉಳಿದವರ ಹೆಸರು ಹೇಳಲು ನಾಲಿಗೆ ತುಸು ತಡವರಿಸುತ್ತದೆ. ಉಳಿದವರಲ್ಲಿ ನಾನೂ ಒಬ್ಬಳಾದ್ದರಿಂದ ಈ ಮಾತನ್ನು ಧೈರ್ಯವಾಗಿಯೇ ಹೇಳುತ್ತೇನೆ. ವೈದ್ಯರು ಬರಲಾಗದ ಹಿಮದ ದಾರಿಯಲ್ಲಿ ನಡೆದುಹೋಗಿ ಹೆರಿಗೆ ಮಾಡಿಸಿದವರು, ಸಾಯುವವರ ಕೈಯಲ್ಲಿ ನಮ್ಮ ಪದ್ಧತಿಯಂತೆ ಇಟ್ಟ ಮೇಣದಬತ್ತಿ ಆರದಂತೆ ಹಿಡಿದು ಕುಳಿತವರು ಅವರು. ನಾನು ಕೆಲಸ ಕಲಿತದ್ದು ಅವರ ಕೈಕೆಳಗೆ, ಅದೂ ಬೈಸಿಕೊಂಡು. ನಾನು ಮೊದಲ ಸಲ ಗಾಯಕ್ಕೆ ಪಟ್ಟಿ ಸುತ್ತಿದಾಗ, "ಅದು ಕಾಲು ಕಣೇ, ಎಲೆಕೋಸಿನ ಸುರುಳಿಯಲ್ಲ!" ಎಂದು ರೋಗಿಯ ಎದುರೇ ಗದರಿದ್ದರು.

ಅವರಿಗೆ ಇದ್ದವನು ಒಬ್ಬನೇ ಮಗ, ಸಿಲ್ವಿಯು. ಒಂದು ಚಳಿಗಾಲದ ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಹಾಲಿನ ವ್ಯಾನು ಮಂಜುಗಡ್ಡೆಯ ಮೇಲೆ ಜಾರಿ ಯಾರಿಗೋ ಬಡಿದಿದೆಯೆಂದು ಸುದ್ದಿ ಬಂದು, ನಾವಿಬ್ಬರೂ ಚೀಲ ಹಿಡಿದು ಓಡಿದೆವು. ಬಿದ್ದಿದ್ದವನು ಸಿಲ್ವಿಯು. ಜೀವ ಆಗಲೇ ಹೋಗಿತ್ತು. ಸಫ್ತಕ್ಕ ಮಗನ ಕಣ್ಣು ಮುಚ್ಚಿದರು, ನಂತರ ಎದ್ದು ಬಂದು ವ್ಯಾನು ಓಡಿಸುತ್ತಿದ್ದ ಗವ್ರೀಲನ ಒಡೆದ ಹಣೆಗೆ ಪಟ್ಟಿ ಕಟ್ಟಿದರು. ಆ ದಿನ ನನ್ನಿಂದ ಅಳುವುದು ಬಿಟ್ಟು ಬೇರೇನೂ ಆಗಲಿಲ್ಲ.

ತಪ್ಪು ಗವ್ರೀಲನದಲ್ಲವೆಂದು ಪೊಲೀಸರು ಹೇಳಿದರೂ ಊರು ಒಪ್ಪಲಿಲ್ಲ. ಅವನ ಹಾಲನ್ನು ಯಾರೂ ಕೊಳ್ಳಲಿಲ್ಲ, ನಾನೂ ಕೊಳ್ಳಲಿಲ್ಲ. ಅವನು ಬಾಗಿಲು ಹಾಕಿಕೊಂಡು ಅನ್ನಾಹಾರ ಬಿಟ್ಟ. ಹೀಗೇ ಬಿಟ್ಟರೆ ಇನ್ನೊಂದು ಹೆಣ ಏಳುತ್ತದೆಂದು ಅವನ ತಾಯಿ ಗೋಳಾಡುತ್ತಿದ್ದಳು.

ಸತ್ತವರ ಆರನೆಯ ವಾರದ ಪ್ರಾರ್ಥನೆಯ ದಿನ, ಅವರ ಉಡುಪನ್ನು ಅದೇ ಮೈಕಟ್ಟಿನ ಒಬ್ಬನಿಗೆ ತೊಡಿಸಿ, ಅವರ ಜಾಗದಲ್ಲಿ ಕೂರಿಸಿ ಉಣಬಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವನು ಉಂಡದ್ದು ಸತ್ತವರಿಗೆ ಸೇರುತ್ತದೆ. ಸಫ್ತಕ್ಕನವರು ತಂಗಿಯ ಮಗನನ್ನು ಕರೆಯುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಅವರು ಮಗನ ಕುರಿಯ ತುಪ್ಪಟದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನೆಟ್ಟಗೆ ಗವ್ರೀಲನ ಮನೆಗೆ ನಡೆದರು. ನನ್ನ ಮೈಯೆಲ್ಲ ಉರಿಯಿತು.

"ನಿಮಗೇನು ತಲೆ ಕೆಟ್ಟಿದೆಯಾ ಅಕ್ಕಾ? ಅವನಿಗಾ?" ಎಂದು ದಾರಿಗಡ್ಡ ನಿಂತೆ.

"ತಪ್ಪು ಮಾಡಿದೋರನ್ನ ಕ್ಷಮಿಸ್ತೀವಿ ಅಂತ ದಿನಾ ಪ್ರಾರ್ಥನೇಲಿ ಒದರ್ತೀನಲ್ಲೇ! ಅವನು ತಪ್ಪೇ ಮಾಡಿಲ್ಲ. ಅವನನ್ನೇ ಸಾಯೋಕೆ ಬಿಟ್ಟು, ನಾಳೆ ಯಾವ ಮುಖ ಇಟ್ಕೊಂಡು ದೇವರ ಮುಂದೆ ನಿಲ್ಲಲಿ? ದಾರಿ ಬಿಡು."

ಗವ್ರೀಲ ಬಾಗಿಲು ತೆರೆದವನೇ ಕುಸಿದು ಕುಳಿತ. "ಬೇಕಾದ್ರೆ ಹೊಡೀರಿ ಅಕ್ಕಾ. ಇದು ಮಾತ್ರ ನನ್ ಕೈಲಾಗಲ್ಲ."

"ಹೊಡೆಯೋಕೆ ಬಂದಿಲ್ಲಪ್ಪ, ಊಟಕ್ಕೆ ಕರೆಯೋಕೆ ಬಂದೆ. ನೀನು ಉಂಡ್ರೆ ನನ್ ಮಗ ಉಂಡಂಗೆ. ಅವನನ್ನ ಉಪವಾಸ ಕೂರಿಸ್ತೀಯಾ?"

ಆ ಮಾತಿಗೆ ಅವನು ಎದ್ದ. ಕೋಟು ತೊಟ್ಟು, ಇಡೀ ಊರು ಗುರುಗುಟ್ಟುತ್ತಿದ್ದಂತೆಯೇ ಬಂದು ಕುಳಿತ. ಸತ್ತವರ ಹೆಸರಿನಲ್ಲಿ ಬೇಯಿಸಿ ಜೇನು ಬೆರೆಸಿದ ಗೋಧಿಯನ್ನು ಸಫ್ತಕ್ಕನವರೇ ಅವನ ಮುಂದಿಟ್ಟರು. ಅವನು ಅಳುತ್ತ ಉಂಡ, ಅವರು ಇನ್ನಷ್ಟು ಬಡಿಸಿದರು. ಎಲ್ಲರೂ ಹೋದ ಮೇಲೆ ಒಲೆಯ ಹಿಂದೆ ಕುಳಿತು ಅವರು ಅತ್ತದ್ದನ್ನು ಕೇಳಿದವಳು ನಾನೊಬ್ಬಳೇ. ಅಯ್ಯೋ, ಆ ಅಳುವನ್ನು ಬರೆಯಲು ನನಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಕೆಲಸಕ್ಕೆ ಬಂದು, ಸೂಜಿ ಕುದಿಸಲಿಲ್ಲವೆಂದು ನನ್ನನ್ನು ಬೈದರು.

ಗವ್ರೀಲ ಬದುಕಿಕೊಂಡ. ಪ್ರತಿ ಚಳಿಗಾಲವೂ ಆ ಕೋಟು ತೊಟ್ಟು ಆಸ್ಪತ್ರೆಯ ಮುಂದೆಯೇ ಹಾಲು ಹೊತ್ತು ನಡೆದುಹೋಗುತ್ತಾನೆ. ಅದನ್ನು ಕಂಡಾಗಲೆಲ್ಲ ಸಫ್ತಕ್ಕನವರ ಮುಖ ಬಿಳಚಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಕಳೆದ ವರ್ಷ ಅದು ಅವನಿಗೂ ತಿಳಿಯಿತು. "ಅಕ್ಕಾ, ಇದನ್ನ ಇನ್ಮೇಲೆ ಪೆಟ್ಟಿಗೇಲಿ ಇಡ್ತೀನಿ" ಎಂದ.

"ಮುಚ್ಚೋ ಬಾಯಿ! ಹಾಕ್ಕೋ. ಹಿಂದಿಂದ ನೋಡ್ದಾಗ ಅವನೇ ಹೋಗ್ತಿದಾನೆ ಅನ್ಸುತ್ತೆ. ನೀನು ತಿರುಗೋವರೆಗೂ ನನ್ ಮಗ ಇರ್ತಾನೆ."

ಇಂದು ಸೇವೆಯಿಂದ ನಿವೃತ್ತರಾಗಿ ಮನೆಗೆ ತೆರಳುತ್ತಿರುವ ನಮ್ಮ ಸಫ್ತಕ್ಕನವರಿಗೆ ದೇವರು ದೀರ್ಘಾಯುಷ್ಯವನ್ನೂ, ತಂತಮ್ಮ ಸೊಸೆಯಂದಿರ ಹೆರಿಗೆಗೆ ಅವರನ್ನು ಕರೆಯಲು ಬರುವ ನೆರೆಹೊರೆಯನ್ನೂ ಕೊಡಲಿ. ಗವ್ರೀಲನಿಗೂ ಆಯುಷ್ಯ ಕೊಡಲಿ. ಸಫ್ತಕ್ಕನವರ ಕಿಟಕಿಯ ಮುಂದೆ ಹಾದುಹೋಗುವಾಗ ಅವನು ನಿಧಾನವಾಗಿ ನಡೆಯಲಿ.